ಹಲಸಿನ ಸಸಿಗೆ ದೃಷ್ಟಿ ತೆಗೆದದ್ದು

ಇಡೀ ಬೀರೂರಿನಲ್ಲಿ ನಂಬಬಹುದಾದ ಮನುಷ್ಯ ನಾನೊಬ್ಬನೇ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಎದುರಿಗೆ ಬಂದವರೆಲ್ಲ ಟಿಕೆಟ್ ಇಲ್ಲದವರಂತೆಯೇ ಕಾಣುತ್ತಾರೆ. ಹಾಗಾಗಿ ಕೆಳಬೀದಿಯವರು ಗಿಡ ಕಾಯಲು ನನ್ನನ್ನು ಆರಿಸಿದಾಗ ಆಶ್ಚರ್ಯವೇನೂ ಆಗಲಿಲ್ಲ.

ರಸ್ತೆ ಅಗಲ ಮಾಡುವಾಗ ಕಡಿದ ಮರಗಳೆಲ್ಲ ನಮ್ಮ ತಗಡಿನ ಮನೆಗಳ ಮುಂದಿನವೇ. ತಾರಸಿ ಮನೆಗಳ ಮೇಲ್ಬೀದಿಯಲ್ಲಿ ಒಂದು ಕೊಂಬೆಯೂ ಅಲುಗಲಿಲ್ಲ. ಬಟ್ಟೆ ಹೊಲಿಯುವ ಶಮೀಮಮ್ಮ, "ನೆರಳಿಲ್ದೆ ಮಧ್ಯಾಹ್ನ ಮಿಷನ್ ಮುಂದೆ ಕೂರಕ್ಕಾಗಲ್ಲ ಅಣ್ಣಾ, ತಲೆ ಸುತ್ತು ಬತ್ತದೆ. ಕೆಲ್ಸನೇ ನಿಂತೋಯ್ತು" ಎಂದಿದ್ದಳು. ಅರ್ಜಿ ಕೊಟ್ಟು ಸಾಕಾಗಿ, ಬೀದಿಯವರೇ ಸೇರಿ ಗಿಡ ನೆಟ್ಟೆವು. ಶಮೀಮಮ್ಮನ ಮನೆ ಮುಂದಿನ ಹಲಸಿನ ಸಸಿ ನನ್ನ ಪಾಲಿಗೆ ಬಂತು. ಸುತ್ತ ಮುಳ್ಳುಬೇಲಿ ಕಟ್ಟಿದೆ.

ಸಸಿ ಚಿಗುರಿತು. ಎದುರಿನ ಮೊಬೈಲ್ ಅಂಗಡಿಯ ರುದ್ರೇಶ, "ಭಾರಿ ಚೆನ್ನಾಗಿ ಬಂದೈತಲ್ಲ ಸಾರ್" ಎಂದ. ಮರ ಬೆಳೆದರೆ ಇವನ ಬೋರ್ಡು ಮುಚ್ಚಿಹೋಗುತ್ತದೆ. ಇವನೇಕೆ ಹೊಗಳಬೇಕು? ಅಂದು ಸಂಜೆಯೇ ಒಂದು ಹಿಡಿ ಕಲ್ಲುಪ್ಪು, ಒಣಮೆಣಸಿನಕಾಯಿ ತಂದು ಸಸಿಗೆ ನಿವಾಳಿಸಿದೆ. ನಿವಾಳಿಸಿದ್ದನ್ನು ಯಾರೂ ತುಳಿಯದ ಕಡೆ ಹಾಕಬೇಕು ಎಂಬುದು ಶಾಸ್ತ್ರ. ಮುಳ್ಳುಬೇಲಿಯ ಒಳಗೆ ಯಾರು ತುಳಿಯುತ್ತಾರೆ? ಬುಡಕ್ಕೇ ಹಾಕಿ ನೀರು ಹುಯ್ದೆ.

ಎಲೆ ಹಳದಿಯಾಯಿತು. ರುದ್ರೇಶನ ಕಣ್ಣು ನಾನೆಣಿಸಿದ್ದಕ್ಕಿಂತ ಕೆಟ್ಟದ್ದು! ಉಪ್ಪು ಹೆಚ್ಚಿಸಿದೆ. ಎಲೆಯ ಅಂಚು ಸುಟ್ಟಂತಾಯಿತು. ಆಮೇಲೆ ನೀರು ಬಿಡುವವನ ಮೇಲೆ, ಸಸಿ ಕೊಟ್ಟ ನರ್ಸರಿಯವನ ಮೇಲೆ, ಕೊನೆಗೆ ಹಾಲಿನವನ ಮೇಲೂ ಗುಮಾನಿ ಬಂತು. ಪಕ್ಷಪಾತವಿಲ್ಲದೆ ಒಬ್ಬೊಬ್ಬರ ಹೆಸರಿಗೂ ಒಂದೊಂದು ಹಿಡಿ ನಿವಾಳಿಸಿದೆ.

ಒಂದು ಬೆಳಿಗ್ಗೆ ಶಮೀಮಮ್ಮನ ಮೇಕೆ ಬೇಲಿಯೊಳಗೆ ತಲೆ ತೂರಿಸಿತ್ತು. ಕಳ್ಳ ಸಿಕ್ಕಿದ. ಬೀದಿಯವರನ್ನೆಲ್ಲ ಕೂಗಿ ಸೇರಿಸಿದೆ.

"ನೋಡ್ರಪ್ಪಾ, ಯಾರ ನೆರಳಿಗೆ ಅಂತ ನೆಟ್ವೋ ಅವರ ಮೇಕೇನೇ ಮೇಯ್ತಾ ಇದೆ."

ಶಮೀಮಮ್ಮನ ಕಣ್ಣಲ್ಲಿ ನೀರು ಬಂತು. "ನನ್ ನೆರಳು ನಾನೇ ಕಳ್ಕೋತೀನಾ ಅಣ್ಣಾ?"

ರುದ್ರೇಶ ಬಗ್ಗಿ ನೋಡಿದ. "ಸಾರ್, ಹಲಸಿನೆಲೆ ಕಂಡ್ರೆ ಮೇಕೆ ಬಿಡ್ತದಾ? ಉಳಿದಿರೋ ಎಲೆ ಮೂಸೂ ನೋಡ್ತಿಲ್ಲ. ಮಣ್ಣು ನೆಕ್ತಾ ಐತೆ." ಒಂದು ಚಿಟಿಕೆ ಮಣ್ಣನ್ನು ತಾನೂ ನಾಲಿಗೆಗೆ ಮುಟ್ಟಿಸಿ ಉಗಿದ. "ಉಪ್ಪು ಕಣ್ ಸಾರ್!"

ನನ್ನ ಹೆಂಡತಿ ಗಿರಿಜ ನನ್ನ ಕಡೆ ತಿರುಗಿದಳು. "ರೀ, ನಮ್ಮನೆ ಉಪ್ಪಿನ ಭರಣಿ ತಳ ಕಾಣ್ತಿದ್ದಿದ್ದು ಇದಕ್ಕಾ?"

ಸಸಿಗೆ ತಾಗಿದ್ದ ದೃಷ್ಟಿ ಯಾರದೆಂದು ಬೀದಿಗೆಲ್ಲ ಗೊತ್ತಾಯಿತು. ಉಪ್ಪಿನ ಮಣ್ಣು ಅಗೆದು ಚೆಲ್ಲಿ ಬೇರೆ ಸಸಿ ನೆಟ್ಟರು. ನನ್ನಿಂದಾಗಿ ಶಮೀಮಮ್ಮನ ನೆರಳು ಒಂದು ಬೇಸಿಗೆ ಹಿಂದಕ್ಕೆ ಹೋಯಿತು. ನಿಜಕ್ಕೂ ನಾಚಿಕೆಯಾಯಿತು. ನೀರು ಹೊರುವ ಕೆಲಸವನ್ನಾದರೂ ಕೊಡಿ ಎಂದು ಬೇಡಿಕೊಂಡೆ, ಕೊಟ್ಟರು.

ಈಗ ನಾನು ಕೊಡ ಹೊತ್ತು ಹೋದಾಗ ಶಮೀಮಮ್ಮ ಮಿಷನ್ ನಿಲ್ಲಿಸಿ, ಖಾಲಿ ಲೋಟ ಹಿಡಿದು ಹೊರಗೆ ಬಂದು, ನನ್ನ ಕೊಡದ ನೀರನ್ನೇ ಅದಕ್ಕೆ ತುಂಬುತ್ತಾಳೆ.

"ಮೊದ್ಲು ನೀವು ಕುಡೀರಿ ಅಣ್ಣಾ."

ಕುಡಿಯುತ್ತೇನೆ. ನನ್ನ ಗಂಟಲಲ್ಲಿ ಇಳಿದದ್ದನ್ನು ನೋಡಿಕೊಂಡ ಮೇಲೆಯೇ ಗಿಡಕ್ಕೆ ನೀರು.