ಬಿಳಿ ಚಿಪ್ಪಿನ ಗೆಲುವು

ವರ್ಲಿನ್ ಸ್ಟ್ರೌಡ್‌ನ ಆ ಶನಿವಾರ ಕೆಟ್ಟದ್ದು ಕಾಫಿ ಅಂಗಡಿಯಲ್ಲಿ, ತಾನೇ ಆಡಿದ ಒಂದು ಮಾತಿನಿಂದ.

"ಸ್ಟೀಲ್ ಚಿಪ್ಪಿಗೂ ಮತ್ತೆ ಮದ್ದು ತುಂಬಬಹುದು ಕಣ್ರಪ್ಪ," ಎಂದುಬಿಟ್ಟ.

ಜಿಂಕೆ ಬೇಟೆಯ ಕಾಲ ಮುಂದಿನ ವಾರವೇ ಶುರು. ಮೊಂಟಾನಾದ ಆ ಪುಟ್ಟ ಊರಿನ ಯಾವ ಅಂಗಡಿಯಲ್ಲೂ ತೋಟಾ ಇರಲಿಲ್ಲ. ಹಾರಿಸಿದ ತೋಟಾದಿಂದ ಉಳಿಯುವ ಹಿತ್ತಾಳೆ ಚಿಪ್ಪನ್ನು ಆಯ್ದಿಟ್ಟು, ಮತ್ತೆ ಮದ್ದು ಗುಂಡು ತುಂಬಿಕೊಳ್ಳುವವರು ಮನೆಗೊಬ್ಬರಿದ್ದರು. ಆದರೆ ಎಷ್ಟು ಸಲ ಅಂತ ತುಂಬುವುದು? ಅವರ ಹಿತ್ತಾಳೆಯೆಲ್ಲ ಸೀಳಿ ಹೋಗಿತ್ತು. ಸ್ಟೀಲ್ ಚಿಪ್ಪು ಮಾತ್ರ ಕ್ಲಬ್ಬಿನ ಗುರಿಮೈದಾನದಲ್ಲಿ ರಾಶಿ ಬಿದ್ದಿತ್ತು. ಗಡಸು ಸ್ಟೀಲು ಮತ್ತೆ ತುಂಬಲು ಬಗ್ಗದೆಂದು ಅದನ್ನು ಯಾರೂ ಮೂಸುತ್ತಿರಲಿಲ್ಲ.

"ತುಂಬಬಹುದಪ್ಪ," ಎಂದ ಪಕ್ಕದ ಮನೆಯ ಆರ್ನೆ ಸ್ಕೋಗನ್. ಊರಿನ ಬೆಂಕಿ ಆರಿಸುವ ತಂಡಕ್ಕೆ ಅವನೇ ಯಜಮಾನ. ಯಾರ ಉತ್ಸಾಹ ಕಂಡರೂ ನೀರು ಹಾಕುವುದು ಅಭ್ಯಾಸವಾಗಿತ್ತು. "ಆನೆಗೆ ಅಂಗಿ ಕೂಡ ಹೊಲಿಯಬಹುದು. ಆದ್ರೆ ಪಟ್ಟ ಪಾಡಿಗೆ ಬೆಲೆ ಇರ್ಬೇಕಲ್ಲ?"

ಸುತ್ತಲಿದ್ದವರು ನಕ್ಕರು. ವರ್ಲಿನ್‌ಗೆ ರೇಗಿತು.

"ಸಂಜೆಯೊಳಗೆ ತುಂಬಿ ಹಾರಿಸಿ ತೋರಿಸ್ತೀನಿ. ಆಗದಿದ್ರೆ ಈ ವರ್ಷ ನಾನು ಹೊಡೆಯೋ ಜಿಂಕೆ ನಿನ್ನದು."

"ಆಯ್ತು ಅಂದ್ರೆ ನಾನು ಹೊಡೆಯೋದು ನಿನಗೆ," ಎಂದು ಆರ್ನೆ ಕೈ ಚಾಚಿದ.

ವಿಷಯ ತಿಳಿದ ಹೆಂಡತಿ ಐಡೆಲ್ಲಾ ಖಾಲಿ ಫ್ರೀಜರಿನ ಬಾಗಿಲು ತೆರೆದು, ಗಂಡನಿಗೆ ತೋರಿಸಿ ಮುಚ್ಚಿದಳು.

ವರ್ಲಿನ್ ಮೈದಾನದ ರಾಶಿಯಿಂದ ಬಿಳಿಯದನ್ನೇ ಆಯ್ದು ಒಂದು ಬಕೆಟ್ ತುಂಬಿ ತಂದ. ಹಳದಿ ಕಂಡರೆ ಹಿತ್ತಾಳೆ, ಬಿಳಿ ಕಂಡರೆ ಸ್ಟೀಲು. ಅದಕ್ಕೇನು ಪಾಂಡಿತ್ಯ ಬೇಕೆ? ಚಿಪ್ಪನ್ನು ಅಚ್ಚಿನೊಳಗೆ ಒತ್ತಿ ಸರಿಪಡಿಸುವ ಗ್ಯಾರೇಜಿನ ಪ್ರೆಸ್ಸಿಗೆ ಮೊದಲನೆಯದನ್ನಿಟ್ಟು ಹಿಡಿಕೆ ಎಳೆದ. ತಳದ ಹಳೆ ಮದ್ದಿನ ಬಿಲ್ಲೆಯನ್ನು ತಳ್ಳಬೇಕಿದ್ದ ಕಡ್ಡಿ, ಚಿಪ್ಪಿನ ತಳದಲ್ಲಿ ತೂತು ನಡುವಿಗಿಲ್ಲದ್ದರಿಂದ, ಟಕ್ಕೆಂದು ಮುರಿಯಿತು. ಹೊಸ ಕಡ್ಡಿ ಹಾಕಿದ. ಎರಡನೆಯ ಚಿಪ್ಪು ಅಚ್ಚಿನೊಳಗೆ ಹೋಗಿ, ಬಾಡಿಗೆ ಕಟ್ಟದ ಬಿಡಾರದವನ ಹಾಗೆ ಅಲ್ಲೇ ಕೂತಿತು. ಎಳೆದರೆ ಅಂಚು ಕಿತ್ತು ಬಂತೇ ಹೊರತು ಚಿಪ್ಪು ಅಲ್ಲಾಡಲಿಲ್ಲ.

ಎದುರು ಮನೆಯ ಬ್ಯೂಲಾ ಅಜ್ಜಿ ಸದ್ದು ಕೇಳಿ ಬಂದಳು.

"ಕಾಯಿಸು ಮಗಾ. ನನ್ನ ಉಪ್ಪಿನಕಾಯಿ ಜಾಡಿ ಮುಚ್ಚಳ ನಾನು ಹಾಗೇ ತೆಗೆಯೋದು."

"ಇದು ಜಾಡಿಯಲ್ಲ ಅಜ್ಜಿ."

"ಬಿಗಿದ ಮೇಲೆ ಜಾಡಿ ಆದ್ರೇನು, ಬಂದೂಕಾದ್ರೇನು?"

ಬೇರೆ ದಾರಿ ಕಾಣದೆ ವರ್ಲಿನ್ ಅಚ್ಚನ್ನು ಅಡುಗೆಮನೆಯ ಓವನ್ ಒಲೆಯಲ್ಲಿ ಇಟ್ಟ. ಸ್ಟೀಲಿಗೆ ಬಳಿದಿದ್ದ ವಾರ್ನಿಷ್ ಕಾದು, ಟೈರು ಸುಟ್ಟ ಹಾಗೆ ಹೊಗೆ ಎದ್ದಿತು. ಹೊಗೆ ಕಂಡರೆ ಕೂಗುವ ಗಂಟೆ ಕಿರುಚಿಕೊಂಡಿತು. ಬ್ಯೂಲಾ ಅಜ್ಜಿ ಪುಣ್ಯಾತ್ಗಿತ್ತಿ ಬೆಂಕಿ ತಂಡಕ್ಕೆ ಫೋನ್ ಮಾಡಿದಳು. ಕಾಫಿ ಕುಡಿಯುವಷ್ಟರಲ್ಲಿ ಆರ್ನೆ ಶಿರಸ್ತ್ರಾಣ ತೊಟ್ಟು, ಪೈಪು ಹೊತ್ತು ಬಾಗಿಲಲ್ಲಿ ನಿಂತಿದ್ದ.

"ಬೆಂಕಿ ಎಲ್ಲಿ?"

"ಬೆಂಕಿಯಿಲ್ಲ."

"ಹಾಗಾದ್ರೆ ಒಲೇಲಿ ಬೇಯ್ತಿರೋದು ಏನು?"

ಆರ್ನೆ ಇಣುಕಿ ನೋಡಿದ. ನಗು ತಡೆಯಲಾರದೆ ಪೈಪಿನ ಮೇಲೆಯೇ ಕೂತುಬಿಟ್ಟ.

ಅವಮಾನದಿಂದ ಹಟ ಹೆಚ್ಚಿತು. ಅಚ್ಚು ತಣ್ಣಗಾದ ಮೇಲೆ ಸುತ್ತಿಗೆಯಿಂದ ಕುಟ್ಟಿ ಚಿಪ್ಪು ಬಿಡಿಸಿದ. ಮತ್ತೆ ಎಣ್ಣೆ ಸವರಿ, ಮತ್ತೆ ಎಳೆದು, ಮತ್ತೆ ಸಿಕ್ಕಿಸಿಕೊಂಡು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಪವಾಡ ನಡೆಯಿತು. ಬಕೆಟ್ಟಿನ ತಳದಿಂದ ತೆಗೆದ, ಬೆಳ್ಳಿಯ ಹಾಗೆ ಹೊಳೆಯುವ ನಾಲ್ಕಾರು ಚಿಪ್ಪು ಅಚ್ಚಿನೊಳಗೆ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗಿ ಬಂದವು. 'ಕೈ ಕುದುರಿತು,' ಅಂದುಕೊಂಡು ವರ್ಲಿನ್ ಅವಕ್ಕೆ ಮದ್ದು ಗುಂಡು ತುಂಬಿದ. ಕಣ್ಣಲ್ಲಿ ನೀರು ಬಂತು.

ಸಂಜೆ ಮೈದಾನದಲ್ಲಿ ಅರ್ಧ ಊರೇ ಸೇರಿತ್ತು. ವರ್ಲಿನ್ ಬಂದೂಕಿಗೆ ತೋಟಾ ತುಂಬಿ, ಉಸಿರು ಬಿಗಿಹಿಡಿದು ಕುದುರೆ ಎಳೆದ. ಢಮಾರ್! ಗುರಿಹಲಗೆಯ ನಡುವೆ ತೂತು. ಇನ್ನೊಂದು, ಮತ್ತೊಂದು. ಖುಷಿಯಲ್ಲಿ ಒಂದನ್ನೂ ಉಳಿಸದೆ ಎಲ್ಲವನ್ನೂ ಹಾರಿಸಿಬಿಟ್ಟ. ತೂತುಗಳೆಲ್ಲ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದಿದ್ದವು.

ಆರ್ನೆ ಟೋಪಿ ತೆಗೆದ. "ಸೋತೆ ಕಣೋ. ಬೆಳಗ್ಗೆ ನಕ್ಕಿದ್ದಕ್ಕೆ ತಪ್ಪಾಯ್ತು."

ವರ್ಲಿನ್‌ಗೆ ಇಷ್ಟು ದೊಡ್ಡ ಸುಖ ಮದುವೆಯ ದಿನವೂ ಸಿಕ್ಕಿರಲಿಲ್ಲ. ಅವನು ಅದನ್ನು ಅನುಭವಿಸುತ್ತಿರುವಾಗಲೇ ಜನ ಬಕೆಟ್ಟುಗಳನ್ನು ಹೊತ್ತು ಓಡಾಡತೊಡಗಿದರು. ಮೈದಾನದ ಸ್ಟೀಲೆಲ್ಲ ಅವನ ಪಿಕಪ್ ಗಾಡಿಗೆ ಬಿತ್ತು.

"ನಮಗೂ ತುಂಬಿಕೊಡಪ್ಪ, ನಿನ್ನ ಕೈಯಲ್ಲಿ ಗುಟ್ಟಿದೆ!"

"ಅದಕ್ಕೇನಂತೆ!" ಎಂದ ವರ್ಲಿನ್, ಧಾರಾಳವಾಗಿ.

ಮೈದಾನ ನೋಡಿಕೊಳ್ಳುವ ಓರಿನ್ ಉದ್ದ ಕೋಲಿನ ತುದಿಗೆ ಆಯಸ್ಕಾಂತ ಕಟ್ಟಿಕೊಂಡು ನೆಲ ಗುಡಿಸುತ್ತಿದ್ದ. "ನಿನ್ನ ಚಿಪ್ಪುಗಳನ್ನ ಕ್ಲಬ್ಬಿನ ಗೋಡೆಗೆ ತೂಗುಹಾಕ್ಬೇಕು," ಎಂದು ಆಯಸ್ಕಾಂತವನ್ನು ಅವುಗಳ ಮೇಲೆ ಆಡಿಸಿದ. ಅಕ್ಕಪಕ್ಕದ ತುಕ್ಕು ಮೊಳೆ, ಅಳಿದುಳಿದ ಸ್ಟೀಲ್ ಚಿಪ್ಪು ಎಲ್ಲ ಟಕಟಕ ಅಂಟಿದವು. ವರ್ಲಿನ್‌ನವು ಬಿದ್ದಲ್ಲೇ ಹೊಳೆಯುತ್ತ ಉಳಿದವು.

"ಹಾಳು ಆಯಸ್ಕಾಂತ, ಶಕ್ತಿಯೇ ಹೋಗಿದೆ," ಎಂದು ಗೊಣಗಿ ಓರಿನ್ ಮುಂದೆ ಹೋದ.

ವರ್ಲಿನ್ ಬಗ್ಗಿ ಒಂದನ್ನೆತ್ತಿದ. ಚಿಪ್ಪಿನ ಕುತ್ತಿಗೆ ಸೀಳಿತ್ತು. ಸೀಳಿನೊಳಗೆ ನಿಕಲ್ ಲೇಪನದಡಿಯಿಂದ ಅಪ್ಪಟ ಹಳದಿ ಇಣುಕುತ್ತಿತ್ತು. ಹಿತ್ತಾಳೆ! ಉಳಿದವನ್ನೂ ಎತ್ತಿ ನೋಡಿದ. ಎಲ್ಲ ಅದೇ ಹಿತ್ತಾಳೆ, ಎಲ್ಲದರ ಕುತ್ತಿಗೆಯೂ ಸೀಳಿತ್ತು. ಮೆಲ್ಲಗೆ ಜೇಬಿಗೆ ಇಳಿಬಿಟ್ಟ.

ನಿಜ ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಆರ್ನೆ ಹೆಗಲ ಮೇಲೆ ಕೈ ಹಾಕಿದ.

"ವರ್ಲಿನ್, ನನ್ನದು ಮೊದಲು ತುಂಬಿಕೊಡು ಮಾರಾಯ. ನನ್ನ ಹತ್ರ ಒಂದೇ ಒಂದು ತೋಟಾನೂ ಇಲ್ಲ. ನಾನು ಹೊಡೆಯೋ ಜಿಂಕೆ ನಿನ್ನದೇ ತಾನೆ?"

ವರ್ಲಿನ್ ಬಾಯಿ ಮುಚ್ಚಿದ.

ಭಾರಕ್ಕೆ ಹಿಂಭಾಗ ಜಗ್ಗಿದ ಗಾಡಿ ಮನೆ ಮುಂದೆ ನಿಂತಾಗ ಐಡೆಲ್ಲಾ ಹೊರಗೆ ಬಂದಳು. ಗಾಡಿಯನ್ನೂ ಗಂಡನ ಮುಖವನ್ನೂ ನೋಡಿದಳು.

"ಸೋತೆಯಾ?"

"ಇಲ್ಲ ಕಣೇ," ಎಂದ ವರ್ಲಿನ್, ಮೊದಲ ಬಕೆಟ್ಟನ್ನು ಇಳಿಸುತ್ತ. "ಗೆದ್ದುಬಿಟ್ಟೆ."