ಕಿಸೆಯೊಳಗಿನ ತೋಪು

ಕೊಪ್ಪಳದಲ್ಲಿ ಇತಿಹಾಸ ಕಲಿಸುವ ಮಾಸ್ತರನೊಬ್ಬ ರವಿವಾರ ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧವಾಡುತ್ತಾನೆಂದರೆ, ಫಜೀತಿಗಳು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ. ನನ್ನ ಎದುರಾಳಿ ಪಕ್ಕದ ಮನೆಯ ನಿವೃತ್ತ ಹವಾಲ್ದಾರರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರನ್ನು ಗೆದ್ದಿಲ್ಲ. ಒಂದೇ ಒಂದು ಸಲ ಗೆಲ್ಲಬೇಕೆಂಬುದು ನನ್ನ ಆಸೆ. ಉಳಿದಂತೆ ನಾನು ಸುಖಿ.

೧. ಧಣಿ

ಗಂಗಾವತಿಯ ಆಟಿಕೆ ಅಂಗಡಿಯಲ್ಲಿ ನಳಿಗೆ ಚಾಚಿದ ಎರಡು ಪುಟ್ಟ ತೋಪು ಸಿಕ್ಕವು. ಬಸ್ಸಿನಲ್ಲಿ ನೇತಾಡುತ್ತಲೇ ಹವಾಲ್ದಾರರಿಗೆ ಫೋನ್ ಮಾಡಿದೆ: “ಎರಡು ತೋಪು ತಗೊಂಡೇನ್ರಿ. ಒಂದು ನನಗ, ಒಂದು ನಿಮಗ!”

ಪಕ್ಕದ ಸೀಟಿನಲ್ಲಿದ್ದ ಮಾವಿನಹಣ್ಣಿನ ವ್ಯಾಪಾರಿ ತಟ್ಟನೆ ಎದ್ದರು. “ಬರ್ರಿ ಧಣಿ, ಕುಂಡರ್ರಿ. ಯಾವ ಗಿಡ ಅದಾವ್ರಿ, ಆಪೂಸೋ ಕೇಸರೋ?”

ಕಿಸೆಯಲ್ಲಿದ್ದದ್ದನ್ನು ತೋರಿಸಿದರೆ ಸೀಟು ಹೋಗುತ್ತದೆ. “ಇನ್ನೂ ಭಾಳ ಸಣ್ಣವು ಅದಾವ್ರಿ” ಎಂದು ಕೂತುಬಿಟ್ಟೆ.

೨. ಬಣ್ಣ

ನನ್ನ ತೋಪಿನ ಗಾಲಿ ಸೊಟ್ಟಗಿತ್ತು. ಭಾಗ್ಯನಗರದಲ್ಲಿ ಕಟ್ಟಿಗೆ ಗೊಂಬೆ ಮಾಡುವ ಅಜ್ಜನ ಬಳಿ ರಿಪೇರಿಗೂ ಬಣ್ಣಕ್ಕೂ ಒಯ್ದು, ಮಹಾಯುದ್ಧದ ಹಳೆಯ ಫೋಟೊ ತೋರಿಸಿದೆ. “ಇದು ಕೋಟೆ ಮ್ಯಾಲಿನ ದೊಡ್ಡ ತೋಪಲ್ಲ ಅಜ್ಜಾರ. ನಡಕೊಂಡು ಹೋಗೋ ಸೈನಿಕರು ಕೈಲೇ ಎಳಕೊಂಡು ತಮ್ಮ ಜೋಡಿ ಒಯ್ತಿದ್ರು. ವೈರಿ ಅಡಗಿದ ಗ್ವಾಡಿಗೆ ನೇರ ಹೊಡೀತಿದ್ರು.”

ಅಜ್ಜ ಗಂಭೀರವಾಗಿ ತಲೆಯಾಡಿಸಿದರು. ವಾರ ಬಿಟ್ಟು ಹೋದರೆ ಗಾಲಿಗೆ ಕೆಂಪು, ಹಳದಿ. ನಳಿಗೆಯ ತುಂಬ ಹೂಬಳ್ಳಿ.

“ಅಜ್ಜಾರ, ಇದು ವೈರಿಗೆ ಕಾಣಬಾರ್ದು! ಮಣ್ಣಿನ ಬಣ್ಣ ಬೇಕಿತ್ತು.”

“ಕಾಣಬಾರ್ದಂದ್ರ ಮಾಡಿಸೋದ್ಯಾಕ್ರಿ ಮಾಸ್ತರ?”

ಹೂಬಳ್ಳಿಯ ತೋಪನ್ನೇ ರಣರಂಗಕ್ಕಿಳಿಸಿದೆ. ಹವಾಲ್ದಾರರು ಮೊದಲ ಗುಂಡು ಅದಕ್ಕೇ ಹೊಡೆದರು.

೩. ಬನ್ನಿ

ಮಹಾನವಮಿಯ ಮಧ್ಯಾಹ್ನ ಪವಾಡ ನಡೆಯಿತು. ಹವಾಲ್ದಾರರ ಬಳಿ ಉಳಿದದ್ದು ಒಂದೇ ತೋಪು, ಅದರೆದುರು ಗೇಣು ದೂರದಲ್ಲಿ ನನ್ನದು. ದಾಳದಲ್ಲಿ ಒಂದು ಬಿಟ್ಟು ಏನು ಬಿದ್ದರೂ ಗೆಲುವು ನನ್ನದೇ. ದಾಳ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹೆಂಡತಿ ಆರತಿ ತಟ್ಟೆ ಹಿಡಿದು ಬಂದಳು.

“ಆಯುಧ ಎಲ್ಲಾ ಇಲ್ಲಿ ಕೊಡ್ರಿ. ಈಳಗಿ, ಸ್ಕೂಟರ್ ಆದ್ವು, ಇವೆರಡು ಉಳಿದಾವ.”

“ಒಂದ ಗುಂಡು ಹೊಡೀತೇನಿ, ತಡಿ!”

“ಪೂಜಿ ದಿನ ಆಯುಧ ನಡಸ್ತಾರೇನ್ರಿ? ನಾಳೆ ಕೊಡ್ತೇನಿ.”

ಎರಡೂ ತೋಪು ಕುಂಕುಮ ಹಚ್ಚಿಸಿಕೊಂಡು ಜಗುಲಿ ಏರಿದವು. “ವೈನಿ ಹೇಳೋದು ಬರೋಬ್ಬರಿ ಐತಿ” ಎಂದು ಹವಾಲ್ದಾರರು ಜಾಗ ಖಾಲಿ ಮಾಡಿದರು.

ಮರುದಿನ ದಸರೆಯ ಸಂಜೆ ತೋಪುಗಳನ್ನು ಮತ್ತೆ ಅದೇ ಜಾಗದಲ್ಲಿಟ್ಟು, ದಾಳ ಹಿಡಿದು ಕಾದೆ. ಹವಾಲ್ದಾರರು ಹೊಸ ಅಂಗಿ ತೊಟ್ಟು ಬಂದರು. ನನ್ನ ಮುಷ್ಟಿ ಬಿಡಿಸಿ ದಾಳ ತೆಗೆದಿಟ್ಟರು. ಅಂಗೈಗೆ ಬನ್ನಿ ಎಲೆ ಇಟ್ಟು ಅಪ್ಪಿಕೊಂಡರು.

“ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಮಾಸ್ತರ.”

“ಮತ್ತ ಯುದ್ಧ?”

“ಬನ್ನಿ ಕೊಟ್ಟ ಮ್ಯಾಲ ಎಲ್ಲೀ ಯುದ್ಧರಿ? ಹಳೇದೆಲ್ಲಾ ಮರೀಬೇಕು. ರವಿವಾರ ಹೊಸಾದು ಹಚ್ಚೋಣು.”

ಹೆಂಡತಿ ಇಬ್ಬರಿಗೂ ಹೋಳಿಗೆ ಬಡಿಸಿದಳು. ಹೋಳಿಗೆ ಛಲೋ ಆಗಿತ್ತು, ಇನ್ನೆರಡು ಹಾಕಿಸಿಕೊಂಡೆ. ಅವರು ಹೋದ ಮೇಲೆ ಮನಸ್ಸು ತಡೆಯದೆ ಆ ದಾಳ ಉರುಳಿಸಿ ನೋಡಿದೆ. ಒಂದು ಬಿತ್ತು.

“ಎಷ್ಟು ಬಿತ್ರೀ?” ಒಳಗಿನಿಂದ ಹೆಂಡತಿ ಕೇಳಿದಳು.

“ಆರು” ಎಂದು ಕೂಗಿ, ದಾಳ ಕಿಸೆಗೆ ಹಾಕಿಕೊಂಡೆ.