ಏರ್‌ಬ್ಯಾಗ್ ಒಡೆದು ತೋರಿಸಿ!

ನಮ್ಮ ಕಾಕಾ ಯಾವುದನ್ನೂ ಒಡೆದು ನೋಡದೆ ನಂಬುವವರಲ್ಲ. ಉತ್ಪ್ರೇಕ್ಷೆ ಎಂದಿರಾ? ಬೀದರಿನಿಂದ ನಾಸಿಕಕ್ಕೆ ಬಂದು, ಸಾತಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಬಂದ ಮಾಲಿನಲ್ಲಿ ಒಂದು ಪೀಸು ಎತ್ತಿ, ಮುರಿದು ನೋಡಿ, ಉಳಿದದ್ದನ್ನು ಪಾಸು ಮಾಡುವುದು. ನಿವೃತ್ತರಾದರೂ ಚಟ ಹೋಗಲಿಲ್ಲ. ಮಗಳಿಗೆ ಗಂಡು ನೋಡಲು ಹೋದಾಗ ಆ ಹುಡುಗನನ್ನು ನಾಲ್ಕು ಮಹಡಿ ಹತ್ತಿಸಿ ಇಳಿಸಿ, ಏದುಸಿರು ಬರುತ್ತದೋ ಎಂದು ಕಿವಿಗೊಟ್ಟ ಮಹಾನುಭಾವರು!

ಇಂಥವರ ಹತ್ತೊಂಬತ್ತು ವರ್ಷದ ಕಾರಿನಲ್ಲಿ ಏರ್‌ಬ್ಯಾಗ್ ಒಂದೂ ಇಲ್ಲ. ಈ ಚೌಕದಲ್ಲಿ ಬ್ರೇಕು ಒತ್ತಿದರೆ ಮುಂದಿನ ಚೌಕದಲ್ಲಿ ನಿಲ್ಲುತ್ತದೆ. ಅದರಲ್ಲೇ ಕಾಕುವನ್ನು, ಅಂದರೆ ನಮ್ಮ ಚಿಕ್ಕಮ್ಮನನ್ನು, ಕೂರಿಸಿಕೊಂಡು ಛತ್ರಪತಿ ಸಂಭಾಜಿನಗರಕ್ಕೆ, ನನ್ನ ಮನೆಗೆ, ಬರುತ್ತಾರೆ. ಅವರು ಮುಟ್ಟುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ನಾನು ನಮ್ಮ ಮನೆತನದ ಮೊದಲ ಪದವೀಧರೆ. ಹಗಲೆಲ್ಲ ಹೊಲಿಗೆ ಯಂತ್ರ ತುಳಿದು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವಳು. ಉಪದೇಶ ಮಾಡದೆ ಇರುತ್ತೇನೆಯೇ?

“ಕಾಕಾ, ಹೊಸಾ ಗಾಡಿ ತಗೋರಿ. ಆರು ಏರ್‌ಬ್ಯಾಗ್ ಇರ್ತಾವ.”

“ಗಾಳಿಗೆ ಅಷ್ಟು ಲಕ್ಷ ಕೊಡ್ಬೇಕೇನ್ ಬಿ.ಕಾಂ. ಬಾಯಿ? ಚಿಪ್ಸ್ ಪಾಕೀಟ್‌ನ್ಯಾಗ ಹತ್ತು ರೂಪಾಯಿಗೆ ಸಿಗ್ತದ!”

ಹೀಗಿರಲು, ಕಳೆದ ವಾರ ಅವರದೇ ಫೋನು: “ಬಾ, ಶೋರೂಮಿಗೆ ಹೋಗೋಣ.” ನಾನು ಸಿಕ್ಕ ಬಸ್ಸು ಹತ್ತಿ ನಾಸಿಕಕ್ಕೆ ಓಡಿದೆ!

ಶೋರೂಮಿನ ಟೈಧಾರಿ ಸುರಕ್ಷತೆಯ ಪಾಠ ಒಪ್ಪಿಸಿದ. ಕಾಕಾ ಮರಾಠಿಯಲ್ಲಿ ಶಾಂತವಾಗಿ ಕೇಳಿದರು, “ಒಂದು ಏರ್‌ಬ್ಯಾಗ್ ತೆರೆದು ತೋರಿಸಿ.”

“ಕಾಕಾ, ಅದು ಗುದ್ದಿದರೆ ಮಾತ್ರ ತೆರೆಯುತ್ತದೆ,” ಎಂದ ಅವನು.

“ಹಾಗಾದರೆ ಗುದ್ದಿ.”

ಅವನ ಮುಖ ಸುಣ್ಣವಾಯಿತು. ಮಾತು ಬದಲಿಸಲು, ಎದುರಿಗೆ ಮನುಷ್ಯ ಕಂಡರೆ ಈ ಗಾಡಿ ತಾನೇ ಬ್ರೇಕು ಹಾಕುತ್ತದೆ ಎಂದ. ಅನ್ನಬಾರದಿತ್ತು!

“ಬರೋಬರ್. ನೀವು ಎದುರಿಗೆ ನಿಲ್ಲಿ.”

ಅವನು ನಿಲ್ಲಲಿಲ್ಲ. ಕಾಕಾ ತಾವೇ ಹೋಗಿ ಬಾನೆಟ್ಟಿನ ಮುಂದೆ ಸೆಟೆದು ನಿಂತು ನನ್ನತ್ತ ಕೂಗಿದರು: “ಹ್ಞಾಂ, ಬಿಡು ಗಾಡಿ!” ಮ್ಯಾನೇಜರ್ ಓಡಿ ಬಂದು ಅವರನ್ನು ತಬ್ಬಿಕೊಂಡೇ ಈಚೆ ತಂದ.

ಕೊನೆಗೆ, ಜೊತೆಗೆ ಬಂದಿದ್ದ ಕಾಕುವನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಗಾಡಿಯಲ್ಲೇ ಒಂದು ಸುತ್ತು ಹೊರಟರು. ನಾನು ಹಿಂದೆ. ಗಾಡಿ ಕೀಂ ಕೀಂ ಎನ್ನತೊಡಗಿತು.

“ಏನ್ರೀ ಇದು, ಯಾಕ ಒದರ್ಲಿಕತ್ತದ?” ಎಂದರು ಕಾಕು.

“ನೀ ಬೆಲ್ಟ್ ಹಾಕ್ಕೊಳ್ಳೋ ತನಕ ಒದರ್ತದ.”

ಕಾಕು ಗಾಡಿಯನ್ನು ಬೈದರು, ಗಾಡಿ ಬಗ್ಗಲಿಲ್ಲ. ಅರ್ಧ ಕಿಲೋಮೀಟರಿಗೆ ಕಾಕುವೇ ಸೋತು ಬೆಲ್ಟು ಬಿಗಿದರು. ಕಾಕಾ ಅಲ್ಲಿಂದಲೇ ಗಾಡಿ ತಿರುಗಿಸಿ, ಒಳಗೆ ಹೋಗಿ, ಬುಕಿಂಗ್ ಕಾಗದಕ್ಕೆ ಸಹಿ ಹಾಕಿಬಿಟ್ಟರು!

“ಏನೂ ಒಡೀದs ಪಾಸ್ ಮಾಡಿದ್ರಾ ಕಾಕಾ?” ನನಗೆ ಬವಳಿ ಬರುವುದೊಂದೇ ಬಾಕಿ.

ಕಾಕು ದೂರದಲ್ಲಿರುವುದನ್ನು ನೋಡಿಕೊಂಡು ಕಾಕಾ ಮೆಲ್ಲಗೆ ಹೇಳಿದರು: “ಬೆಲ್ಟ್ ಹಾಕ್ಕೋ ಅಂದ್ರ ಉಸರು ಕಟ್ತದ ಅಂತಾಳ ಅಕಿ. ಇಷ್ಟು ವರ್ಷ ಬ್ರೇಕ್ ಹಾಕಿದಾಗೆಲ್ಲ ಈ ಎಡಗೈ ಅಡ್ಡ ಹಿಡೀತಿದ್ದೆ. ಈಗ ಭುಜ ಹಿಡ್ಕೊಂಡದ. ಹೋದ ತಿಂಗಳ ಮನ್ಮಾಡ್ ಕಡೆ ಆಡೊಂದು ಅಡ್ಡ ಬಂತು. ಕೈ ಏಳ್ಲಿಲ್ಲ. ಅಕಿ ಹಣಿ ಮುಂದ ಬಡೀತು.”

ತೋರಿಸಲು ಎತ್ತಿದ ಕೈ ಹೊಟ್ಟೆಯ ಮಟ್ಟದಲ್ಲೇ ನಿಂತುಬಿಟ್ಟಿತು. ಅಷ್ಟರಲ್ಲಿ ಕಾಕು ಬಂದರು. ಕಾಕಾ ಆ ಕೈಯನ್ನು ಸರಕ್ಕನೆ ಜೇಬಿಗಿಳಿಸಿ ನನಗೆ ಅಂದರು:

“ಬಣ್ಣ ಯಾವ್ದು ಬೇಕು ಅಂತ ಅಕಿನ್ನ ಕೇಳು.”